ಯಂತ್ರದೋಷವೂ ಋಣವೂ

ವಸ್ತುವೊಂದನ್ನು ಮಾಡಿ ಮಾರಿದವನ ಹೊಣೆ ಎಲ್ಲಿಗೆ ಮುಗಿಯುತ್ತದೆ? ಬೆಲೆ ಸಂದ ದಿನವೇ ಮುಗಿಯಿತೆಂಬುದು ಸಂತೆಯ ನ್ಯಾಯ. ವಸ್ತು ಇರುವವರೆಗೂ ಮುಗಿಯದೆಂಬುದು ಕಠಿಣವಾದ ನ್ಯಾಯ. ಇವೆರಡರಲ್ಲಿ ಯಾವುದು ಎಲ್ಲಿ ಸಲ್ಲುವುದೆಂಬುದನ್ನು ವಿಚಾರಿಸಲು ಒಂದು ಹಳೆಯ ಮೋಟಾರು ಗಾಡಿಯ ನಿದರ್ಶನವೇ ಸಾಕು.

ಜರ್ಮನಿಯ ಬಿ.ಎಂ.ಡಬ್ಲ್ಯು. ಸಂಸ್ಥೆಯು ಸುಮಾರು 1999ರಿಂದ 2006ರವರೆಗೆ ತಯಾರಿಸಿದ, ಬಲ್ಲವರು ಇ46 ಎಂದು ಕರೆಯುವ, ಎರಡು ಬಾಗಿಲಿನ ಕೂಪೆ ಗಾಡಿಯು ಹೊಸದಾಗಿದ್ದಾಗ ಸಿರಿವಂತರ ವಾಹನ. ಕಾಲ ಕಳೆದಂತೆ ಅದರಲ್ಲಿ ಕೆಲವು ದೋಷಗಳು ತಲೆದೋರುವುದು ಪ್ರಸಿದ್ಧವಾದ ಸಂಗತಿ. ಎಂಜಿನ್ನನ್ನು ತಂಪಾಗಿಡುವ ನೀರಿನ ತೊಟ್ಟಿಯು ಪ್ಲಾಸ್ಟಿಕ್ಕಿನದಾದುದರಿಂದ ಕಾವಿಗೆ ಸಿಕ್ಕಿ ಪೆಡಸಾಗಿ ಬಿರಿಯುತ್ತದೆ. ನೀರು ಸೋರಿಹೋದುದನ್ನು ಗಮನಿಸದೆ ಓಡಿಸಿದರೆ ಎಂಜಿನ್ನಿನ ಮೇಲ್ಭಾಗವು ಸೊಟ್ಟಗಾಗಿ ಕೆಲಸಕ್ಕೆ ಬಾರದಂತಾಗುತ್ತದೆ. ಹಿಂದಿನ ಚಕ್ರಗಳ ಭಾರವನ್ನು ಹೊರುವ ಚೌಕಟ್ಟು ಗಾಡಿಯ ತಳದ ತಗಡಿಗೆ ಕೂಡುವೆಡೆಯಲ್ಲಿ ಬಿರುಕು ಬಿಡುವುದೂ ಉಂಟು.

ಇವು ದೋಷಗಳೇ ಸರಿ. ಆದರೆ ಇವುಗಳಿಗೆ ಒಂದು ಸಮಾನವಾದ ಗುಣವುಂಟು: ನೋಡುವವನಿಗೆ ಇವು ಕಾಣುತ್ತವೆ. ನೀರು ನೆಲಕ್ಕೆ ತೊಟ್ಟಿಕ್ಕುತ್ತದೆ. ಬಿಸಿಯ ಮುಳ್ಳು ಮೇಲೇರುತ್ತದೆ. ಬಿರುಕು ನುರಿತ ಕಮ್ಮಾರನ ಕಣ್ಣಿಗೆ ಬೀಳುತ್ತದೆ. ಕಂಡುದನ್ನು ಸರಿಪಡಿಸಿಕೊಳ್ಳುವುದು ಒಡೆಯನ ಕರ್ತವ್ಯ. ಮನೆ ಕಟ್ಟಿದವನು ಮಳೆಗಾಲಕ್ಕೊಮ್ಮೆ ಬಂದು ಹೆಂಚು ಕೈಯಾಡಿಸಿ ಹೋಗಬೇಕೆಂದು ಯಾರೂ ಕೇಳುವುದಿಲ್ಲವಷ್ಟೆ.

ಕಾಣದ ದೋಷದ ಮಾತು ಬೇರೆ. ಅಪಘಾತದಲ್ಲಿ ಪ್ರಾಣವುಳಿಸಲೆಂದು ಗಾಡಿಯಲ್ಲಿ ಏರ್‌ಬ್ಯಾಗ್ ಎಂಬ ಗಾಳಿಯ ಚೀಲವನ್ನು ಅಡಗಿಸಿಟ್ಟಿರುತ್ತಾರೆ. ಜಪಾನಿನ ತಕಾಟಾ ಸಂಸ್ಥೆಯು ಈ ಚೀಲವನ್ನುಬ್ಬಿಸುವುದಕ್ಕೆ ಅಮೋನಿಯಂ ನೈಟ್ರೇಟನ್ನು ಬಳಸಿತು. ವರ್ಷಗಟ್ಟಲೆ ಸೆಕೆ ತೇವಗಳಿಗೆ ಒಳಗಾದರೆ ಆ ದ್ರವ್ಯವು ಕೆಟ್ಟು, ಮಿತಿಮೀರಿದ ವೇಗದಿಂದ ಉರಿದು, ತನ್ನ ಲೋಹದ ಕೋಶವನ್ನೇ ಸಿಡಿಸಿ ಚೂರುಗಳನ್ನು ಕುಳಿತವರ ಮೇಲೆ ಎಸೆಯುತ್ತದೆ. ಅಮೆರಿಕದಲ್ಲಿಯೇ 20ಕ್ಕೂ ಹೆಚ್ಚು ಮಂದಿ ಹೀಗೆ ಸತ್ತರು. ಪರೀಕ್ಷೆಯ ಅಂಕಿಗಳನ್ನು ತಿದ್ದಿ ಗಾಡಿಯ ತಯಾರಕರಿಗೆ ಕೊಟ್ಟ ವಂಚನೆಗಾಗಿ ಆ ಸಂಸ್ಥೆಯು 2017ರ ಜನವರಿಯಲ್ಲಿ ತಪ್ಪೊಪ್ಪಿ 100 ಕೋಟಿ ಡಾಲರುಗಳನ್ನು ತೆರಲು ಸಮ್ಮತಿಸಿತು. ಅದೇ ವರ್ಷದ ಜೂನಿನಲ್ಲಿ ದಿವಾಳಿಯಾಯಿತು. ಇ46 ಗಾಡಿಗಳಲ್ಲಿಯೂ ಈ ಚೀಲಗಳಿದ್ದವು.

ಇಲ್ಲಿ ಒಂದು ಆಕ್ಷೇಪ ಏಳಬಹುದು: ಕಾಲದಿಂದ ಕೆಟ್ಟುದು ಸವಕಳಿಯೇ ಅಲ್ಲವೆ? ನೀರಿನ ತೊಟ್ಟಿಗೊಂದು ನ್ಯಾಯ, ಚೀಲಕ್ಕೊಂದು ನ್ಯಾಯವೇಕೆ? ಕಾರಣವಿಷ್ಟೆ. ತೊಟ್ಟಿಯನ್ನು ಒಡೆಯನು ನೋಡಿ ನಂಬುತ್ತಾನೆ. ಚೀಲವನ್ನು ನೋಡದೆಯೇ ನಂಬಬೇಕಾಗಿದೆ. ಅದನ್ನು ಬಿಚ್ಚಿ ಪರೀಕ್ಷಿಸುವ ಹಕ್ಕಾಗಲಿ ಶಕ್ತಿಯಾಗಲಿ ಅವನಿಗಿಲ್ಲ. ಯಾವ ವಿಷಯದಲ್ಲಿ ಕೊಂಡವನಿಗೆ ನಂಬಿಕೆಯಲ್ಲದೆ ಬೇರೆ ದಾರಿಯಿಲ್ಲವೋ ಆ ವಿಷಯದಲ್ಲಿ ಮಾಡಿದವನ ಋಣ ಹಳೆಯದಾಗುವುದಿಲ್ಲ. ಗಾಡಿಯ ಬೆಲೆ ವರ್ಷವರ್ಷಕ್ಕೆ ಇಳಿಯುತ್ತದೆ. ಒಳಗೆ ಕುಳಿತ ಜೀವದ ಬೆಲೆ ಇಳಿಯುವುದಿಲ್ಲ. ಸಿರಿವಂತನಿಗೆ ಮಾರಿದ ಗಾಡಿಯು ಮೂರನೆಯ ಕೈಗೆ, ನಾಲ್ಕನೆಯ ಕೈಗೆ, ಅಲ್ಪ ವರಮಾನದವನ ಮನೆಗೆ ಬಂದಿರುವಾಗ ಈ ಮಾತು ಇನ್ನಷ್ಟು ದಿಟ.

ಅಮೆರಿಕದ ಶಾಸನವು ಇಂತಹ ದೋಷವನ್ನು ಉಚಿತವಾಗಿ ತಿದ್ದಿಕೊಡಬೇಕಾದ ಅವಧಿಯನ್ನು ಮೊದಲು 10 ವರ್ಷಗಳೆಂದು ಇಟ್ಟಿತ್ತು. 2015ರಲ್ಲಿ ಅದನ್ನು 15ಕ್ಕೆ ಏರಿಸಿತು. ಬಿ.ಎಂ.ಡಬ್ಲ್ಯು. ಸಂಸ್ಥೆಯು 2023ರ ಮೇ ತಿಂಗಳಲ್ಲಿ, ಇ46ನ್ನೂ ಒಳಗೊಂಡ ಸುಮಾರು 90,000 ಹಳೆಯ ಗಾಡಿಗಳ ಒಡೆಯರಿಗೆ, ಚೀಲ ಬದಲಾಯಿಸುವವರೆಗೆ ಗಾಡಿಯನ್ನು ಓಡಿಸಲೇಬೇಡಿರೆಂದು ತಿಳಿಸಿತು. ಆ ವೇಳೆಗೆ ಅವುಗಳ ವಯಸ್ಸು ಶಾಸನದ ಅವಧಿಯನ್ನು ದಾಟಿದ್ದರೂ ಬದಲಾವಣೆ ಉಚಿತವೇ ಆಗಿತ್ತು. ಶಾಸನವು ನಿಂತೆಡೆಯಲ್ಲಿ ಧರ್ಮವು ನಿಲ್ಲುವುದಿಲ್ಲವೆಂಬುದಕ್ಕೆ ಇದೊಂದು ದೃಷ್ಟಾಂತ.

ಆದರೆ ಆ ಗಾಡಿಗಳನ್ನು ಹಿಂದಕ್ಕೆ ಕರೆದುದು ಅದೇ ಮೊದಲಲ್ಲ. ವರ್ಷಗಳ ಹಿಂದೆಯೇ ಕರೆದಿದ್ದರೂ ಅವು ಬಂದಿರಲಿಲ್ಲ. ಕೆಲವು ಪತ್ರಗಳು ಹಳೆಯ ವಿಳಾಸಕ್ಕೆ ಹೋಗಿರಬಹುದು. ಕೆಲವನ್ನು ಓದಿ ಮೂಲೆಗೆ ಎಸೆದಿರಬಹುದು. ಹಿಂದಕ್ಕೆ ಕರೆಯುವುದೆಂದರೆ ಮಾಡಿದವನು ತಪ್ಪೊಪ್ಪಿಕೊಂಡಂತೆ. ಆದರೆ ಆ ಒಪ್ಪಿಗೆ ಫಲಿಸುವುದು ಒಡೆಯನು ಗಾಡಿಯನ್ನು ಒಯ್ದಾಗ ಮಾತ್ರ. ಪತ್ರ ಕೈಸೇರಿದ ಗಳಿಗೆಯಿಂದ ಕಾಣದ ದೋಷವು ಕಂಡ ದೋಷವಾಗುತ್ತದೆ. ಹೊಣೆಯಲ್ಲಿ ಒಡೆಯನಿಗೂ ಪಾಲು ಬರುತ್ತದೆ. ಪಕ್ಕದಲ್ಲಿ ಕುಳಿತ ಮಗುವಿಗಾಗಲಿ ಅತಿಥಿಗಾಗಲಿ ಆ ಪತ್ರದ ಸುದ್ದಿ ತಿಳಿಯದು. ಅದನ್ನು ಮುಚ್ಚಿಟ್ಟು ಗಾಡಿಯನ್ನು ಇನ್ನೊಬ್ಬನಿಗೆ ಮಾರುವವನು, ಅಂಕಿಗಳನ್ನು ತಿದ್ದಿದವರು ಮಾಡಿದುದನ್ನೇ ಸಣ್ಣ ಪ್ರಮಾಣದಲ್ಲಿ ಮಾಡುತ್ತಾನೆ. ಪ್ರಮಾಣ ಸಣ್ಣದಾದುದರಿಂದ ಪಾಪದ ಜಾತಿ ಬೇರೆಯಾಗದು.

ಹೊಣೆಯು ಬೆಲೆಯ ಹಿಂದೆ ಹೋಗುವುದಿಲ್ಲ, ಅರಿವಿನ ಹಿಂದೆ ಹೋಗುತ್ತದೆ. ಯಾರಿಗೆ ದೋಷ ತಿಳಿದಿದೆಯೋ ಅವನೇ ಋಣಿ. ತಿಳಿಸಿ, ತಿದ್ದಿದಲ್ಲದೆ ಆ ಋಣ ತೀರದು.