ಮುದಿ ಬೆಕ್ಕಿನ ನಿದ್ರೆ

ಶರಣಾಗತಿಯ ಸ್ವರೂಪವನ್ನು ವಿವರಿಸಲು ಶ್ರೀವೈಷ್ಣವ ಸಂಪ್ರದಾಯದಲ್ಲಿ ಎರಡು ದೃಷ್ಟಾಂತಗಳು ರೂಢಿಯಲ್ಲಿವೆ. ಕೋತಿಯ ಮರಿ ತಾಯಿಯ ಒಡಲನ್ನು ತಾನೇ ಅವಚಿಕೊಂಡಿರುತ್ತದೆ; ವಡಗಲೆಯವರು ಹೇಳುವುದು ಈ ಮರ್ಕಟಕಿಶೋರ ನ್ಯಾಯವನ್ನು. ಬೆಕ್ಕಿನ ಮರಿಯಾದರೋ ಏನನ್ನೂ ಮಾಡದು. ತಾಯಿಯೇ ಅದನ್ನು ಬಾಯಲ್ಲಿ ಕಚ್ಚಿ ಒಯ್ಯುತ್ತದೆ. ತೆಂಗಲೆಯವರಿಗೆ ಪ್ರಿಯವಾದುದು ಈ ಮಾರ್ಜಾಲಕಿಶೋರ ನ್ಯಾಯ. ದೃಷ್ಟಾಂತವು ಅಲ್ಲಿಗೇ ನಿಲ್ಲುತ್ತದೆ. ಮರಿಯನ್ನು ಹೊತ್ತ ಆ ತಾಯಿಯೇ ಮುದಿಯಾದಾಗ ಅದನ್ನು ಹೊರುವವರು ಯಾರು?

ಊರಿನ ಮನೆಯಲ್ಲಿ ಬೆಕ್ಕಿಗೆ ಕಣಜ ಕಾಯುವ ಉದ್ಯೋಗವಿತ್ತು. ಮುಂಬಯಿಯ ಮೂರನೆಯ ಮಹಡಿಯ ಎರಡು ಕೋಣೆಗಳ ವಾಸದಲ್ಲಿ ಅದೂ ಇಲ್ಲ. ಪ್ರಾಯದ ಬೆಕ್ಕೇ ದಿನಕ್ಕೆ 12ರಿಂದ 16 ಗಂಟೆ ಮಲಗುವುದರಿಂದ, ಮುದಿ ಬೆಕ್ಕು ಇನ್ನಷ್ಟು ಮಲಗಿದರೆ ಯಾರಿಗೂ ಅಚ್ಚರಿಯಾಗದು. ‘ವಯಸ್ಸಾಯಿತು, ಸುಖವಾಗಿ ಮಲಗಿದೆ’ ಎಂದು ಮನೆಯವರು ಸಮಾಧಾನಪಡುತ್ತಾರೆ. ಆದರೆ ನೋವನ್ನು ಮರೆಮಾಚುವುದರಲ್ಲಿ ಬೆಕ್ಕಿಗೆ ಸಮನಾದ ಪ್ರಾಣಿ ವಿರಳ. ಹನ್ನೆರಡು ವರ್ಷ ದಾಟಿದ ಬಹುಪಾಲು ಬೆಕ್ಕುಗಳ ಕೀಲುಗಳು ಸವೆದಿರುತ್ತವೆ. ಅದು ಕುಂಟುವುದಿಲ್ಲ, ನರಳುವುದಿಲ್ಲ. ಒಂದು ದಿನ ಕಿಟಕಿಗೆ ಹಾರುವುದನ್ನು ಬಿಡುತ್ತದೆ, ಅಷ್ಟೆ. ಬೆನ್ನನ್ನು ನೆಕ್ಕಲು ತಿರುಗಲಾರದೆ ಅಲ್ಲಿನ ಕೂದಲು ಜಡೆಗಟ್ಟುತ್ತದೆ. ಪದೇ ಪದೇ ನೀರು ಕುಡಿಯುವುದಕ್ಕೂ ನಡುರಾತ್ರಿ ಕೂಗುವುದಕ್ಕೂ ಮೂತ್ರಪಿಂಡದ ಅಥವಾ ಥೈರಾಯ್ಡ್ ಗ್ರಂಥಿಯ ರೋಗ ಕಾರಣವಾಗಿರಬಹುದು. ಕನಿಕರದಿಂದ ಮನುಷ್ಯರ ಪ್ಯಾರಾಸಿಟಮಾಲ್ ಗುಳಿಗೆಯನ್ನು ಕೊಡುವವರೂ ಉಂಟು. ಅದು ಬೆಕ್ಕಿಗೆ ಪ್ರಾಣಾಂತಿಕ ವಿಷ.

ಹೆತ್ತವರಿಗೇ ಮೂಲೆ ದೊರೆಯದ ಮಹಾನಗರದಲ್ಲಿ ಬೆಕ್ಕಿಗೆ ಹಾಸಿಗೆಯೇ ಎಂಬ ಆಕ್ಷೇಪವನ್ನು ಹಗುರಾಗಿ ತಳ್ಳಿಹಾಕುವಂತಿಲ್ಲ. ಮಹಾಪ್ರಸ್ಥಾನದ ಕೊನೆಯಲ್ಲಿ ಇಂದ್ರನು ಯುಧಿಷ್ಠಿರನೆದುರು ಒಡ್ಡಿದುದೂ ಇಂಥದೇ ಮಾತು: ತಮ್ಮಂದಿರನ್ನೂ ದ್ರೌಪದಿಯನ್ನೂ ತೊರೆದು ಬಂದವನಿಗೆ ನಾಯಿಯ ಮೇಲೇಕೆ ಮೋಹ? ಸತ್ತವರಿಗೆ ತನ್ನಿಂದ ಆಗಬೇಕಾದುದೇನೂ ಇಲ್ಲ, ನಂಬಿ ಬಂದ ಈ ಜೀವ ಬದುಕಿದೆ ಎಂಬುದು ಅವನ ಉತ್ತರದ ತಾತ್ಪರ್ಯ. ಆ ನಾಯಿ ಧರ್ಮದೇವತೆಯೆಂಬುದು ತಿಳಿದದ್ದು ಅನಂತರ. ತಿಳಿದ ಮೇಲೆ ನಿರಾಕರಿಸಿದ್ದರೆ ಅದರಲ್ಲಿ ಹೆಚ್ಚಳವೇನಿತ್ತು?

ಮುದಿ ಬೆಕ್ಕಿಗೆ ಬೇಕಾದುದೂ ಬಹಳವಲ್ಲ. ಗಾಳಿ ಬೀಸದ ಕಡೆ ನಾಲ್ಕು ಮಡಿಕೆಯ ಹಳೆಯ ನೂಲಿನ ಸೀರೆ, ಹತ್ತಿರದಲ್ಲಿ ನೀರು, ಮಲವಿಸರ್ಜನೆಗೆ ತಗ್ಗಾದ ಅಂಚಿನ ತಟ್ಟೆ, ಕಿಟಕಿಯ ಕೆಳಗೊಂದು ಮಣೆ. ದುಬಾರಿಯಾದುದು ಗಮನ ಮಾತ್ರ. ಕಚೇರಿಯಿಂದ ದಣಿದು ಬಂದವನಲ್ಲಿ ಉಳಿಯದಿರುವುದೂ ಅದೇ. ಮಣೆಯನ್ನೂ ಹತ್ತಲಾರದ ದಿನ ಅದನ್ನು ಎತ್ತಿಕೊಳ್ಳಬೇಕಾಗುತ್ತದೆ. ತಾಯಿಬೆಕ್ಕು ಮರಿಯನ್ನು ಹಿಡಿದಂತೆ ಕತ್ತಿನ ತೊಗಲು ಹಿಡಿದಲ್ಲ. ಎದೆಯ ಕೆಳಗೆ ಒಂದು ಕೈ, ಹಿಂಗಾಲುಗಳ ಕೆಳಗೆ ಇನ್ನೊಂದು ಕೈ.