ಕೀಲುನೋವು ಮತ್ತು ಸಬರ್

ನೋವು ಎಂದು ಹೇಳಿಕೊಂಡವರಿಗೆ ಕೊಡಲು ನಮ್ಮಲ್ಲಿ ಒಂದು ಸಿದ್ಧ ಉತ್ತರವಿದೆ: 'ಸಬರ್ ಮಾಡಿ.' ನೆರೆಮನೆಯಲ್ಲಿ ಇದೇ ಮಾತು 'ಹಣೆಬರಹ, ಅನುಭವಿಸಬೇಕಷ್ಟೆ' ಎಂದಾಗಿರುತ್ತದೆ. ಎದೆನೋವು ಬಂದವರಿಗೆ ನಾವು ಹೀಗೆ ಹೇಳುವುದಿಲ್ಲ. ಆಟೋದಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಓಡುತ್ತೇವೆ. ಸಬರ್‌ನ ಉಪದೇಶ ಹೆಚ್ಚಾಗಿ ಮೀಸಲಾಗಿರುವುದು ಕೀಲುನೋವಿನವರಿಗೆ, ಅದರಲ್ಲೂ ಮನೆಯ ಹೆಂಗಸರಿಗೆ. ಸಹನೆ ದೊಡ್ಡ ಗುಣ ಎಂಬುದರಲ್ಲಿ ಸಂಶಯವಿಲ್ಲ. ಆದರೆ ನೋವಿಲ್ಲದವರು ನೋವುಣ್ಣುವವರಿಗೆ ಅದನ್ನು ಬೋಧಿಸಬಹುದೇ? ನೋವಿಗೆ ಪರಿಹಾರ ಹುಡುಕುವುದು ಸಹನೆಗೆ ವಿರುದ್ಧವಾದುದೇ?

ಕೀಲುನೋವಿಗೆ ಒಂದು ದುರದೃಷ್ಟವಿದೆ. ಅದು ಕಣ್ಣಿಗೆ ಕಾಣುವುದಿಲ್ಲ, ತಕ್ಷಣ ಪ್ರಾಣ ತೆಗೆಯುವುದೂ ಇಲ್ಲ. ಮೊನ್ನೆ ಮದುವೆಗೆ ಹೋಗಿ ಬಂದ ಖಾಲಾ ಇಂದು ಬೆಳಗ್ಗೆ ಹಾಸಿಗೆಯಿಂದ ಏಳಲಾರೆ ಎಂದರೆ ಮನೆಯವರು ಪರಸ್ಪರ ಮುಖ ನೋಡಿಕೊಳ್ಳುತ್ತಾರೆ. ಈ ಬೇನೆ ದಿನದಿಂದ ದಿನಕ್ಕೆ ಏರಿಳಿಯುತ್ತದೆ. ಆದರೆ ಆ ಏರಿಳಿತವನ್ನೇ ನಾವು ಅದು ನೆಪ ಎಂಬುದಕ್ಕೆ ಸಾಕ್ಷಿಯಾಗಿ ಮಾಡಿಕೊಳ್ಳುತ್ತೇವೆ. ನೋವನ್ನು ಸಹಿಸುವುದರ ಜೊತೆಗೆ ಅದನ್ನು ಸಾಬೀತುಪಡಿಸುವ ಹೊರೆಯೂ ರೋಗಿಯ ಮೇಲೆಯೇ ಬೀಳುತ್ತದೆ.

ಇನ್ನೊಂದು ಸಿದ್ಧ ಉತ್ತರ 'ವಯಸ್ಸಾಯಿತಲ್ಲ ಅಮ್ಮಿ' ಎಂಬುದು. ಇದು ಅರ್ಧ ಮಾತ್ರ ನಿಜ. ಮಂಡಿಯ ಮೃದ್ವಸ್ಥಿ ಸವೆದು ಬರುವ ನೋವು ವಯಸ್ಸಿನೊಂದಿಗೆ ಹೆಚ್ಚುತ್ತದೆ. ಆದರೆ ರೂಮಟಾಯ್ಡ್ ಸಂಧಿವಾತ ಎಂಬುದು ಬೇರೆಯೇ ಕಾಯಿಲೆ. ದೇಹವನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ಕೀಲಿನ ಒಳಪೊರೆಯ ಮೇಲೆ ದಾಳಿ ಮಾಡುವುದರಿಂದ ಅದು ಬರುತ್ತದೆ. ಮೂವತ್ತು ನಲವತ್ತರ ವಯಸ್ಸಿನಲ್ಲೂ ಬರಬಹುದು. ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚು. ಕೈಬೆರಳುಗಳ ಸಣ್ಣ ಕೀಲುಗಳು ಊದಿಕೊಂಡು, ಬೆಳಗ್ಗೆ ಎದ್ದಾಗ ಒಂದು ಗಂಟೆಯಾದರೂ ಬಿಗಿತ ಸಡಿಲವಾಗದಿದ್ದರೆ ವೈದ್ಯರ ಬಳಿ ಹೋಗಲೇಬೇಕು. ಬೇಗ ಚಿಕಿತ್ಸೆ ಆರಂಭಿಸಿದರೆ ಬೆರಳುಗಳು ಸೊಟ್ಟಗಾಗುವುದನ್ನು ಬಹುಮಟ್ಟಿಗೆ ತಡೆಯಬಹುದು. ತಡವಾದರೆ ಹಾಳಾದ ಕೀಲು ಮತ್ತೆ ಮೊದಲಿನಂತಾಗುವುದಿಲ್ಲ. ಹೀಗಿರುವಾಗ 'ಸಬರ್ ಮಾಡಿ' ಎಂಬ ಮಾತು ನಿರುಪದ್ರವಿ ಸಾಂತ್ವನವಲ್ಲ. ಅದು ಒಬ್ಬಾಕೆಯ ಕೈಗಳನ್ನೇ ಕಸಿದುಕೊಳ್ಳಬಹುದು.

ಪರಿಹಾರ ಹುಡುಕುವುದು ಅಸಹನೆ ಎಂದು ಧರ್ಮವೂ ಹೇಳುವುದಿಲ್ಲ. ನಿಲ್ಲಲಾಗದವರು ಕುಳಿತು, ಕುಳಿತುಕೊಳ್ಳಲಾಗದವರು ಮಲಗಿ ನಮಾಝ್ ಮಾಡಬಹುದೆಂಬ ರಿಯಾಯಿತಿ ಇಸ್ಲಾಮಿನಲ್ಲಿದೆ. ಆರಾಧನೆಯಲ್ಲೇ ದೇಹದ ಕಷ್ಟಕ್ಕೆ ಇಷ್ಟು ಮನ್ನಣೆಯಿರುವಾಗ ಅಡುಗೆಮನೆಯಲ್ಲಿ ಏಕಿಲ್ಲ? ಮಸೀದಿಯ ಹಿಂದಿನ ಸಾಲಿನಲ್ಲಿ ಹಿರಿಯರಿಗಾಗಿ ಕುರ್ಚಿಗಳನ್ನಿಟ್ಟಿರುತ್ತೇವೆ. ಅವರದೇ ಮನೆಯಲ್ಲಿ ಅವರ ಹೆಂಡತಿ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಪಾತ್ರೆ ತೊಳೆಯುತ್ತಿರುತ್ತಾರೆ.

ಹಾಗೆಂದು ನೋವು ಕಳೆಯುವುದೆಲ್ಲವೂ ಒಳ್ಳೆಯದೆಂದೂ ಹೇಳುವಂತಿಲ್ಲ. 1948ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ ಎಂಬ ವೈದ್ಯರು ಸಂಧಿವಾತದಿಂದ ನಡೆಯಲಾಗದಿದ್ದ ಮಹಿಳೆಯೊಬ್ಬರಿಗೆ ಕಾರ್ಟಿಸೋನ್ ಎಂಬ ಸ್ಟೆರಾಯ್ಡ್ ಕೊಟ್ಟರು. ಕೆಲವೇ ದಿನಗಳಲ್ಲಿ ಆಕೆ ಎದ್ದು ನಡೆದರು. ಈ ಸಂಶೋಧನೆಗೆ 1950ರಲ್ಲಿ ನೊಬೆಲ್ ಬಹುಮಾನವೂ ಬಂತು. ಆದರೆ ದೀರ್ಘಕಾಲ ಬಳಸಿದಾಗ ಮುಖ ಊದುವುದು, ಮೂಳೆ ಟೊಳ್ಳಾಗುವುದು, ಸಕ್ಕರೆ ಕಾಯಿಲೆ ಎಲ್ಲವೂ ಅದರ ಬೆನ್ನಿಗೇ ಬಂದವು. ಇಂದಿಗೂ ಸ್ಟೆರಾಯ್ಡ್ ಉಪಯುಕ್ತ ಔಷಧಿಯೇ, ವೈದ್ಯರ ನಿಗಾದಲ್ಲಿ. ನಮ್ಮ ಸಂತೆಗಳಲ್ಲಿ 'ಒಂದೇ ವಾರದಲ್ಲಿ ಗುಣ' ಎಂದು ಮಾರುವ ಹೆಸರಿಲ್ಲದ ಪುಡಿಗಳಲ್ಲಿ ಇದನ್ನೇ ಗುಟ್ಟಾಗಿ ಬೆರೆಸಿರುವುದುಂಟು. ನೋವುಂಡವರು ಅಂಥವರ ಬಳಿ ಹೋಗುವುದು ದಡ್ಡತನದಿಂದಲ್ಲ. 'ನಿಮಗೆ ನೋವಿದೆ' ಎಂದು ಒಪ್ಪಿಕೊಂಡ ಮೊದಲ ಮನುಷ್ಯ ಆ ಪುಡಿ ಮಾರುವವನೇ ಆಗಿರುತ್ತಾನೆ. ಮನೆಯಲ್ಲಿ ಸಿಗದ ಕಿವಿ ಸಂತೆಯಲ್ಲಿ ಸಿಕ್ಕರೆ ತಪ್ಪು ಯಾರದು?

ನೋವು ಮನುಷ್ಯನನ್ನು ಎತ್ತರಿಸುತ್ತದೆ ಎನ್ನುವವರು ಫ್ರೆಂಚ್ ಚಿತ್ರಕಾರ ರೆನ್ವಾರ್‌ನ ಉದಾಹರಣೆ ಕೊಡುತ್ತಾರೆ. 1919ರಲ್ಲಿ ತೀರಿಕೊಂಡ ಆತ ಬದುಕಿನ ಕೊನೆಯ ಎರಡು ದಶಕಗಳಿಗೂ ಹೆಚ್ಚು ಕಾಲ ಸಂಧಿವಾತದಿಂದ ನರಳಿದ, ಆದರೂ ಚಿತ್ರ ಬಿಡಿಸುವುದನ್ನು ಬಿಡಲಿಲ್ಲ. ನಿಜ. ಆದರೆ ಸೊಟ್ಟಗಾದ ಅವನ ಬೆರಳುಗಳ ನಡುವೆ ಕುಂಚ ಇಡುವವರಿದ್ದರು, ಗಾಲಿಕುರ್ಚಿ ಇತ್ತು, ಬೆಚ್ಚಗಿನ ಊರಿನಲ್ಲಿ ಮನೆಯಿತ್ತು. ಅವನ ಸಹನೆಯ ಹಿಂದೆ ಹಲವರ ಕೈಗಳಿದ್ದವು. ಆ ಕೈಗಳನ್ನು ಮರೆತು ಸಹನೆಯನ್ನಷ್ಟೇ ಹೊಗಳುವುದು ಅರ್ಧ ಕಥೆ ಹೇಳಿದಂತೆ.

ಕೈ ಕೊಡುವವರು ಇಲ್ಲದಿದ್ದಾಗ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಾಗಿಲ್ಲ. ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದ ಮಧ್ಯದಲ್ಲಿ ಬೆಳಕಿಗೆ ಬಂದ ಕಾಯಿಲೆಗೆ ಆ ಊರಿನ ಹೆಸರೇ ಅಂಟಿಕೊಂಡಿದೆ. ಸೊಂಟದ ಕೀಲು ಸವೆದು, ಬೆನ್ನು ಬಾಗಿ, ನಡೆಯುವುದೇ ಕಷ್ಟವಾಗುವ ಈ ಬೇನೆ ವಂಶಪಾರಂಪರ್ಯವಾಗಿ ಬರುತ್ತದೆ. ಅದಕ್ಕೆ ತುತ್ತಾದವರು ಬಹುಪಾಲು ಮಲೆನಾಡಿನ ಚನ್ನಂಗಿ ಮತ್ತು ಛಲವಾದಿ ಸಮುದಾಯಗಳ ಬಡ ಕೃಷಿಕೂಲಿಗಳು. ದುಡಿಯುವ ದೇಹವೊಂದೇ ಆಸ್ತಿಯಾದವರಿಗೆ ಕೀಲು ಹೋದರೆ ಅನ್ನವೂ ಹೋಯಿತು. ಅವರಿಗೆ ತಾಳ್ಮೆಯ ಪಾಠ ಹೇಳಲು ಯಾರಿಗೆ ಮುಖವಿದೆ? ಅವರಿಗೆ ಸಲ್ಲಬೇಕಾದುದು ಚಿಕಿತ್ಸೆ, ಪಿಂಚಣಿ, ಊರುಗೋಲು.

ನೋವಿನ ಪರಿಹಾರ ನ್ಯಾಯದ ಪ್ರಶ್ನೆಯೂ ಹೌದು. 2017ರ ಆಗಸ್ಟ್‌ನಲ್ಲಿ ಕೇಂದ್ರ ಸರಕಾರದ ಔಷಧ ಬೆಲೆ ಪ್ರಾಧಿಕಾರವು ಸಾಮಾನ್ಯ ಬಳಕೆಯ ಕೃತಕ ಮಂಡಿಯ ಬೆಲೆಗೆ ತೆರಿಗೆ ಬಿಟ್ಟು 54,720 ರೂ.ಗಳ ಮಿತಿ ಹಾಕಿತು. ಅದಕ್ಕೂ ಮೊದಲು ಅದೇ ವಸ್ತು ಒಂದೂವರೆ ಲಕ್ಷಕ್ಕೂ ಮಾರಾಟವಾಗುತ್ತಿತ್ತು. ಅಷ್ಟು ವರ್ಷ ಬಡವರು 'ಸಹಿಸಿಕೊಂಡಿದ್ದು' ದೇವರ ಇಚ್ಛೆಯನ್ನೋ, ವ್ಯಾಪಾರಿಯ ಲಾಭವನ್ನೋ?

ಹಾಗಾದರೆ ಸಬರ್‌ಗೆ ಜಾಗವೇ ಇಲ್ಲವೇ? ಖಂಡಿತ ಇದೆ. ಔಷಧಿ, ವ್ಯಾಯಾಮ, ಬಿಸಿನೀರಿನ ಶಾಖ, ಶಸ್ತ್ರಚಿಕಿತ್ಸೆ ಎಲ್ಲವೂ ಆದ ಮೇಲೂ ಒಂದಿಷ್ಟು ನೋವು ಉಳಿಯುತ್ತದೆ. ಅದರೊಂದಿಗೆ ಬದುಕಲು ಸಹನೆ ಬೇಕು. ತೂಕ ಇಳಿಸಲು, ತೊಡೆಯ ಸ್ನಾಯು ಬಲಪಡಿಸುವ ವ್ಯಾಯಾಮವನ್ನು ನಿತ್ಯ ಮಾಡಲು, ನಿಧಾನವಾಗಿ ಕೆಲಸ ಮಾಡುವ ಔಷಧಿಗಾಗಿ ವಾರಗಟ್ಟಲೆ ಕಾಯಲು ಸಹನೆ ಬೇಕು. ಆದರೆ ಅದು ನೋವುಣ್ಣುವವರು ತಾವಾಗಿ ಆರಿಸಿಕೊಳ್ಳುವ ಗುಣ. ನೋಡುವವರು ಹೇರುವ ಆಜ್ಞೆಯಲ್ಲ.

ಉರ್ದುವಿನಲ್ಲಿ ಕರುಣೆಯುಳ್ಳವನಿಗೆ 'ಹಮ್‌ದರ್ದ್' ಎನ್ನುತ್ತಾರೆ, ಅಂದರೆ ನೋವಿನ ಜೊತೆಗಾರ. ಇನ್ನೊಬ್ಬರ ಮಂಡಿಯ ನೋವು ನಮ್ಮ ಮಂಡಿಗೆ ಬರುವುದಿಲ್ಲ. ಆದರೆ ಅಡುಗೆಮನೆಯಲ್ಲಿ ಒಂದು ಎತ್ತರದ ಸ್ಟೂಲ್ ಇಡಬಹುದು. ಶೌಚಾಲಯದಲ್ಲಿ ಕೂರುವ ಕಮೋಡು ಹಾಕಿಸಬಹುದು. ನೀರಿನ ಕೊಡ ನಾವೇ ಎತ್ತಬಹುದು. ವೈದ್ಯರ ಬಳಿಗೆ ಜೊತೆಯಲ್ಲಿ ಹೋಗಬಹುದು. ಇಷ್ಟನ್ನೂ ಮಾಡಿದ ಮೇಲೆ ಸಬರ್‌ನ ಮಾತು ಆಡಬೇಕೆನಿಸಿದರೆ, ಮೊದಲು ಅವರ ಪಕ್ಕದಲ್ಲಿ ಸ್ವಲ್ಪ ಹೊತ್ತು ಕೂರೋಣ. ಆ ಮಾತು ಅವರ ಬಾಯಿಂದ ಬರುವುದಿದ್ದರೆ ಬರಲಿ.