ಉಜ್ಜಿದ ಬಟ್ಟೆ ಯಾಕೆ ಕಪ್ಪಾಗುತ್ತದೆ?

ದಿನದ ಧಮ್ಮ ಚಿಂತನೆ



ನಮ್ಮ ಅಧ್ಯಯನ ಬಳಗದ ಹುಡುಗನೊಬ್ಬ ಒಂದು ಪ್ರಶ್ನೆ ಕಳಿಸಿದ್ದಾನೆ. "ಸರ್, ಭಾನುವಾರ ಬಂದರೆ ಮೂರು ನಾಲ್ಕು ಗಂಟೆ ಕೂತು ಬೈಕಿನ ಎಂಜಿನ್ ಕವರ್, ಹಬ್, ಸೈಲೆನ್ಸರ್ ಎಲ್ಲ ಕೈಯಲ್ಲೇ ಉಜ್ಜಿ ಹೊಳಪು ತರ್ತೀನಿ. ಅಷ್ಟು ಹೊತ್ತು ಧ್ಯಾನಕ್ಕೆ ಕೂತಿದ್ರೆ ಆಗ್ತಿತ್ತಲ್ಲ ಅಂತ ಅಣ್ಣ ಬೈತಾನೆ. ಇದು ತೃಷ್ಣೆನಾ?" ಗುಂಪಿನಲ್ಲಿ ಕೂಡಲೇ ಎರಡು ಉತ್ತರ ಬಂದವು. ವಸ್ತುವಿನ ಮೋಹವೇ ದುಃಖದ ಮೂಲ, ಬಿಟ್ಟುಬಿಡು ಎಂದರು ಒಬ್ಬರು. ಮನಸ್ಸಿಟ್ಟು ಮಾಡಿದರೆ ಅದೇ ಧ್ಯಾನ, ಮಾಡಪ್ಪ ಎಂದರು ಇನ್ನೊಬ್ಬರು. ಎರಡೂ ಹೆಬ್ಬೆಟ್ಟಿನ ಗುರುತು ಒತ್ತಿ ಮುಂದೆ ಹೋಗುವಂಥ ಉತ್ತರಗಳು. ಹುಡುಗ ಕೇಳಿದ್ದು ಇನ್ನೂ ಸ್ವಲ್ಪ ಆಳದ್ದು.

ನಮ್ಮ ಜನರ ಬೈಕು ಬರೀ ಬೈಕಲ್ಲ. 1989ರ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ತಿದ್ದುಪಡಿ ತಂದರು, ಅದು 2016ರ ಜನವರಿ 26ರಿಂದ ಜಾರಿಗೆ ಬಂತು. ಅದರ 3ನೇ ಕಲಮನ್ನು ಬಿಡುವಿದ್ದಾಗ ಓದಿ. ಪರಿಶಿಷ್ಟರು ಸಾರ್ವಜನಿಕ ಸ್ಥಳದಲ್ಲಿ ಸೈಕಲ್ ಅಥವಾ ಮೋಟಾರ್ ಸೈಕಲ್ ಏರುವುದನ್ನು, ಚಪ್ಪಲಿ ಮೆಟ್ಟುವುದನ್ನು, ಹೊಸ ಬಟ್ಟೆ ತೊಡುವುದನ್ನು, ಮದುವೆ ಮೆರವಣಿಗೆಯಲ್ಲಿ ಕುದುರೆ ಹತ್ತುವುದನ್ನು ತಡೆದರೆ ಅದು ಅಪರಾಧ ಎಂದು ಅಲ್ಲಿದೆ. ಮೋಟಾರ್ ಸೈಕಲ್ ಎಂಬ ಪದವೇ ಕಾನೂನಿನೊಳಗೆ ಕೂತಿದೆ. ತಡೆಯುವವರು ಇಲ್ಲದಿದ್ದರೆ ಆ ಪದಕ್ಕೆ ಅಲ್ಲಿ ಕೆಲಸವಿರಲಿಲ್ಲ. ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು ಮೇಲಿನ ಬೀದಿ ದಾಟಿದ ಅಜ್ಜಂದಿರ ಮೊಮ್ಮಕ್ಕಳು ನಾವು.

ಲೋಹದ ಹೊಳಪಿಗೂ ಇಲ್ಲಿ ಜಾತಿ ಇತ್ತು. ಮನುಸ್ಮೃತಿಯ ಹತ್ತನೆಯ ಅಧ್ಯಾಯ ಚಂಡಾಲರು ಊರ ಹೊರಗೆ ಇರಬೇಕು, ಒಡೆದ ಪಾತ್ರೆಯಲ್ಲಿ ಉಣ್ಣಬೇಕು ಎಂದು ವಿಧಿಸುತ್ತದೆ. ಅದರ ಜೊತೆಗೇ ಅವರ ಒಡವೆ ಕಬ್ಬಿಣದ್ದಾಗಿರಬೇಕು ಎಂದೂ ಹೇಳುತ್ತದೆ. ಯಾರ ಮೈಮೇಲೆ ಯಾವ ಲೋಹ, ಯಾವ ಬಣ್ಣ ಎಂಬುದಕ್ಕೂ ಕಟ್ಟಳೆ. ಬಾಬಾಸಾಹೇಬರು 1927ರ ಡಿಸೆಂಬರ್ 25ರಂದು ಮಹಾಡದಲ್ಲಿ ಸುಟ್ಟದ್ದು ಆ ಗ್ರಂಥವನ್ನೇ. ಅದೇ ಸಮ್ಮೇಳನದ ಸಂದರ್ಭದಲ್ಲಿ ಅವರು ಹೆಣ್ಣುಮಕ್ಕಳೊಂದಿಗೆ ಮಾತಾಡಿದ್ದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಸೀರೆ ಉಡುವ ರೀತಿ ಬದಲಿಸಿ, ಕೈಕಾಲಿಗೆ ಹೇರಿಕೊಂಡ ಒರಟು ಆಭರಣ ನಿಮ್ಮ ಅಸ್ಪೃಶ್ಯತೆಯ ಗುರುತಾಗಿದೆ, ಅದನ್ನು ಬಿಡಿ, ಅಚ್ಚುಕಟ್ಟಾಗಿರಿ ಎಂಬ ಅರ್ಥದ ಮಾತುಗಳನ್ನು ಹೇಳಿದ್ದರು. ಕೆರೆ ನೀರಿನ ಹೋರಾಟದ ನಡುವೆ ಸೀರೆ, ಬಳೆಯ ಮಾತು ಯಾಕೆ ಎಂದು ಅವರಿಗೆ ಅನ್ನಿಸಲಿಲ್ಲ. ಹಾಗಾಗಿ ಬೈಕನ್ನು ಥಳಥಳ ಹೊಳೆಯಿಸಿ ಊರ ನಡುಬೀದಿಯಲ್ಲಿ ಹೋಗುವ ಹುಡುಗನಿಗೆ "ಮೋಹ ಬಿಡು" ಎಂದು ಹೇಳಲು ನನ್ನ ಬಾಯಿ ಬರುವುದಿಲ್ಲ. ಆ ಮಾತನ್ನು ಮೊದಲು ಬಂಗಾರದ ಕಳಶ ಇಟ್ಟವರಿಗೆ ಹೇಳಬೇಕು.

ಆದರೆ ಸ್ವಾಭಿಮಾನ ಎಂಬ ಪದ ಹಾಕಿದ ಮಾತ್ರಕ್ಕೆ ಪ್ರಶ್ನೆ ಮುಗಿಯಲಿಲ್ಲ. ನಾನೂ ಈ ಕೆಲಸ ಮಾಡುವವನು. ಕೆಲಸ ಗೊತ್ತಿಲ್ಲದವರಿಗಾಗಿ ಸ್ವಲ್ಪ ವಿವರ ಹೇಳುತ್ತೇನೆ, ಯಾಕೆಂದರೆ ಧಮ್ಮದ ವಿಷಯ ಅದರೊಳಗೇ ಇದೆ.

ಎಂಜಿನ್ನಿನ ಎರಡು ಬದಿಯ ಕವರು ಅಲ್ಯೂಮಿನಿಯಂ. ಕಾರ್ಖಾನೆಯಲ್ಲಿ ಅದರ ಮೇಲೆ ತೆಳುವಾದ ವಾರ್ನಿಷ್ ಹೊಡೆದಿರುತ್ತಾರೆ. ವರ್ಷಗಳಾದ ಮೇಲೆ ಅದು ಹಳದಿಯಾಗಿ ಅಲ್ಲಲ್ಲಿ ಏಳುತ್ತದೆ. ಅದನ್ನು ಪೂರ್ತಿ ತೆಗೆಯದೆ ಏನು ಉಜ್ಜಿದರೂ ಹೊಳಪು ಬರುವುದಿಲ್ಲ. ತೆಗೆದ ಮೇಲೆ ವಾಟರ್ ಪೇಪರ್. 400 ನಂಬರಿನಿಂದ ಶುರು, ಆಮೇಲೆ 600, 800, 1000, 1500, 2000. ಬಕೆಟ್ ನೀರಿಗೆ ಒಂದಿಷ್ಟು ಸೋಪು ಹಾಕಿ ಕಾಗದ ಅದ್ದಿ ಅದ್ದಿ ಉಜ್ಜಬೇಕು. ಒಂದು ನಂಬರು ಉದ್ದಕ್ಕೆ ಉಜ್ಜಿದರೆ ಮುಂದಿನದು ಅಡ್ಡಕ್ಕೆ. ಆಗ ಹಿಂದಿನ ಗೀರು ಉಳಿದಿದೆಯೋ ಹೋಗಿದೆಯೋ ಕಣ್ಣಿಗೆ ಕಾಣುತ್ತದೆ. ಇಲ್ಲಿ ಆತುರ ಮಾಡಿದವನು ಸಿಕ್ಕಿಬೀಳುತ್ತಾನೆ. 600ರಲ್ಲಿ ಬಿಟ್ಟ ಗೀರನ್ನು 2000 ನಂಬರು ಅಳಿಸುವುದಿಲ್ಲ, ಅದರ ಸುತ್ತ ಹೊಳಪು ತಂದು ಆ ಗೀರನ್ನೇ ಇನ್ನಷ್ಟು ಎತ್ತಿ ತೋರಿಸುತ್ತದೆ. ಮತ್ತೆ ಹಿಂದಕ್ಕೆ ಹೋಗಿ 600ರಿಂದಲೇ ಬರಬೇಕು. ಧಮ್ಮಪದದ ಮಲವಗ್ಗದಲ್ಲಿ ಬೆಳ್ಳಿ ಕೆಲಸದವನ ಹೋಲಿಕೆ ಬರುತ್ತದಲ್ಲ, ಸ್ವಲ್ಪ ಸ್ವಲ್ಪವಾಗಿ, ಹೊತ್ತು ಹೊತ್ತಿಗೆ ಕಿಟ್ಟ ತೆಗೆಯುವವನು, ಅದು ಪುಸ್ತಕದಲ್ಲಿ ಕೂತು ಬರೆದ ಹೋಲಿಕೆಯಲ್ಲ, ಕೆಲಸಗಾರನ ಪಕ್ಕ ಕೂತು ನೋಡಿದ್ದು ಎಂದು ನನಗೆ ಆಗ ಅನ್ನಿಸಿತು.

ಕೊನೆಗೆ ಮೆಟಲ್ ಪಾಲಿಷ್ ಪೇಸ್ಟು, ಹಳೇ ಬನಿಯನ್ ಬಟ್ಟೆ. (ಬ್ರೇಕ್ ಡಿಸ್ಕಿಗೆ ಮಾತ್ರ ಯಾವ ಪಾಲಿಷ್ಷನ್ನೂ ಮುಟ್ಟಿಸಬೇಡಿ. ಹೊಳೆಯುವ ಆಸೆಗೆ ಜೀವ ಹೋದೀತು.) ಪೇಸ್ಟು ಹಚ್ಚಿ ತಿಕ್ಕಿದ ಕೂಡಲೇ ಬಟ್ಟೆ ಕಪ್ಪಾಗುತ್ತದೆ. ಅಬ್ಬಾ ಎಷ್ಟು ಕೊಳೆ ಎಂದು ಬಟ್ಟೆ ಮಗುಚಿ ತಿಕ್ಕಿದರೆ ಮತ್ತೆ ಕಪ್ಪು. ಹೊಸ ಬಟ್ಟೆ ತೆಗೆದುಕೊಂಡರೆ ಅದೂ ಕಪ್ಪು. ಮುಖ ಕಾಣುವಷ್ಟು ಹೊಳಪು ಬಂದ ಮೇಲೂ ಕಪ್ಪು ನಿಲ್ಲುವುದಿಲ್ಲ. ಯಾಕೆಂದರೆ ಅದು ಕೊಳೆಯಲ್ಲ, ಅಲ್ಯೂಮಿನಿಯಮ್ಮೇ. ಪ್ರತಿ ತಿಕ್ಕಿಗೂ ಲೋಹದ ಒಂದು ಕಣ್ಣಿಗೆ ಕಾಣದ ಪದರ ಪುಡಿಯಾಗಿ ಬಟ್ಟೆಗೆ ಬರುತ್ತದೆ. ಆ ಪುಡಿ ಕಪ್ಪಾಗಿ ಕಾಣುತ್ತದೆ, ಅಷ್ಟೇ. ಬಟ್ಟೆ ಬಿಳಿಯಾಗಿ ಉಳಿಯುವವರೆಗೂ ಉಜ್ಜುತ್ತೇನೆ ಎಂದು ಹಟ ಹಿಡಿದವನಿಗೆ ಕೊನೆಗೆ ಕವರೇ ಉಳಿಯುವುದಿಲ್ಲ.

ಇದನ್ನು ಕಂಡಾಗ ಚೂಳಪಂಥಕನ ಕತೆ ನನಗೆ ಬೇರೆ ಥರ ಅರ್ಥವಾಯಿತು. ನಾಲ್ಕು ತಿಂಗಳು ಕೂತರೂ ಒಂದು ಗಾಥೆ ಬಾಯಿಗೆ ಬರಲಿಲ್ಲ ಎಂದು ಅವನ ಅಣ್ಣ ಮಹಾಪಂಥಕನೇ ವಿಹಾರ ಬಿಟ್ಟು ಹೋಗು ಎಂದನಂತೆ. (ಪಾಠ ಬಾರದ ಹುಡುಗನನ್ನು ಹೊರಗೆ ನಿಲ್ಲಿಸುವುದು ಆ ಕಾಲದ್ದೇ ರೋಗ. ಮೇಷ್ಟರುಗಳು ಈ ಕತೆಯನ್ನು ವರ್ಷಕ್ಕೊಮ್ಮೆಯಾದರೂ ಓದಬೇಕು.) ಬುದ್ಧರು ಅವನಿಗೆ ಒಂದು ಶುಭ್ರವಾದ ಬಟ್ಟೆತುಂಡು ಕೊಟ್ಟು, ರಜೋಹರಣಂ ಎಂದು ಹೇಳುತ್ತ ಕೈಯಲ್ಲಿ ಉಜ್ಜುತ್ತಿರು ಎಂದರು. ಉಜ್ಜುತ್ತ ಉಜ್ಜುತ್ತ ಬಟ್ಟೆ ಮಾಸಿತು. ಬಟ್ಟೆ ತಾನಾಗಿ ಕೊಳೆಯಾದದ್ದಲ್ಲ, ನನ್ನ ಮೈ ತಗುಲಿ ಹೀಗಾಯಿತು, ಇದ್ದದ್ದು ಇದ್ದಂತೆ ಉಳಿಯುವುದಿಲ್ಲ ಎಂದು ಅವನು ಕಂಡುಕೊಂಡ. ಪುಸ್ತಕ ತಲೆಗೆ ಹತ್ತದವನಿಗೆ ಕೈಕೆಲಸದಿಂದ ಅರಿವು ಬಂತು. ಕೈಕೆಲಸದವರನ್ನು ಅರಿವಿನಿಂದ ದೂರ ಇಟ್ಟ ದೇಶದಲ್ಲಿ ಇದು ಸಣ್ಣ ಕತೆಯಲ್ಲ.

ಮಡಿ ಎಂಬುದರ ಲೆಕ್ಕಾಚಾರವೂ ಇಲ್ಲೇ ಬಿಚ್ಚಿಕೊಳ್ಳುತ್ತದೆ. ಮಡಿಯವರು ಏನು ನಂಬಿದ್ದಾರೆ? ಕೊಳೆ ಹೊರಗಿನಿಂದ ಬರುತ್ತದೆ, ಬೇರೆಯವರು ಮುಟ್ಟಿದ್ದರಿಂದ ಬರುತ್ತದೆ, ತೊಳೆದರೆ ಒಳಗಿನ ಅಪ್ಪಟ ಶುದ್ಧ ವಸ್ತು ಉಳಿಯುತ್ತದೆ ಎಂದು. ಬನಿಯನ್ ಬಟ್ಟೆ ಹೇಳುವುದೇ ಬೇರೆ. ಹೊಳೆಯುವುದೂ ಅದೇ, ಕಪ್ಪಾಗಿ ಬರುವುದೂ ಅದೇ. ಉಜ್ಜಿ ಇಟ್ಟ ಕ್ಷಣದಿಂದಲೇ ಗಾಳಿ ತಗುಲಿ ಮೇಲೆ ಮತ್ತೆ ತೆಳು ಪೊರೆ ಕಟ್ಟುತ್ತದೆ, ಆ ಪೊರೆಯೇ ಒಳಗಿನ ಲೋಹವನ್ನು ಕಾಯುತ್ತದೆ. ಒಂದು ಮಳೆಗಾಲ ಕಳೆದರೆ ಮಂಕು. ಅಪ್ಪಟ, ಅಚಲ, ಮುಟ್ಟಬಾರದ ಶುದ್ಧಿ ಎಂಬುದು ಅಲ್ಯೂಮಿನಿಯಮ್ಮಿನಲ್ಲೂ ಇಲ್ಲ, ಮನುಷ್ಯನಲ್ಲೂ ಇಲ್ಲ.

ಕ್ರೋಮಿನ ಕತೆ ಬೇರೆ. ನಮ್ಮ ಮೈಸೂರಿನಲ್ಲೇ 1996ರವರೆಗೆ ತಯಾರಾದ ಯೆಜ್ಡಿಯ ಜೋಡಿ ಸೈಲೆನ್ಸರ್ ನೆನಪಿರುವವರಿಗೆ ಆ ಹೊಳಪೂ ನೆನಪಿರುತ್ತದೆ. ಕ್ರೋಮ್ ಎಂದರೆ ಉಕ್ಕಿನ ಮೇಲೆ ನಿಕ್ಕಲ್, ಅದರ ಮೇಲೆ ತೀರಾ ತೆಳುವಾದ ಕ್ರೋಮಿಯಂ ಲೇಪ. ಅಲ್ಲಲ್ಲಿ ತುಕ್ಕಿನ ಚುಕ್ಕೆ ಬಂದಿದ್ದರೆ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಮುದ್ದೆ ಮಾಡಿ ನೀರು ಹಚ್ಚಿ ಮೆಲ್ಲಗೆ ಉಜ್ಜಿದರೆ ಸಾಕು, ಅದು ಕ್ರೋಮಿಗಿಂತ ಮೆದು. ಲೇಪವೇ ಎದ್ದು ಹೋಗಿದ್ದರೆ ಮನೆಯಲ್ಲಿ ಏನೂ ಮಾಡಲಾಗದು, ಪ್ಲೇಟಿಂಗ್ ಅಂಗಡಿಗೇ ಕೊಡಬೇಕು.

ಆ ಅಂಗಡಿಯೊಳಗೆ ಒಮ್ಮೆ ಹೋಗಿ ನಿಲ್ಲಿ ಎಂದು ಹುಡುಗನಿಗೆ ಹೇಳುತ್ತೇನೆ. ಬಹಳ ಕಡೆ ತೊಟ್ಟಿಯಲ್ಲಿರುವುದು ಆರು ವೇಲೆನ್ಸಿಯ ಕ್ರೋಮಿಯಂ ದ್ರಾವಣ. ಅದರ ಹಬೆಯನ್ನು ವರ್ಷಗಟ್ಟಲೆ ಉಸಿರಾಡಿದವರ ಮೂಗಿನ ನಡುಗೋಡೆ ತೂತಾಗುವುದು, ಚರ್ಮದಲ್ಲಿ ಮಾಯದ ಹುಣ್ಣಾಗುವುದು, ಶ್ವಾಸಕೋಶದ ಕ್ಯಾನ್ಸರ್ ಬರುವುದು ವೈದ್ಯರಿಗೆ ಚೆನ್ನಾಗಿ ಗೊತ್ತಿರುವ ವಿಷಯ. ಬೆಂಗಳೂರಿನ ಪೀಣ್ಯದ ಅಂತರ್ಜಲದಲ್ಲೂ ಈ ಕ್ರೋಮಿಯಂ ಸಿಕ್ಕಿದೆ. ಆ ತೊಟ್ಟಿಯ ಮುಂದೆ ಕೈಗವಸಿಲ್ಲದೆ ನಿಂತವನ ಮನೆ ಯಾವ ಕೇರಿಯಲ್ಲಿರುತ್ತದೆ ಎಂದು ನಾನು ಬಿಡಿಸಿ ಹೇಳಬೇಕಿಲ್ಲ. ಜಾತಿ ಎಂದರೆ ಕೆಲಸದ ಹಂಚಿಕೆಯಲ್ಲ, ಕೆಲಸಗಾರರನ್ನೇ ಮೇಲು ಕೀಳಾಗಿ ಹಂಚಿಬಿಡುವುದು ಎಂದು ಬಾಬಾಸಾಹೇಬರು 1936ರಲ್ಲೇ ಬರೆದಿದ್ದರು. ನನ್ನ ಬೈಕಿನ ಹೊಳಪು ಒಂದು ಕೇರಿಯ ಸ್ವಾಭಿಮಾನ, ಇನ್ನೊಂದು ಕೇರಿಯ ಶ್ವಾಸಕೋಶ ಎಂದಾದರೆ ಸಮ್ಮಾ ಆಜೀವದ ಮಾತು ಅಲ್ಲಿಂದಲೇ ಶುರುವಾಗಬೇಕು. ಹಾಗೆಂದು ಕ್ರೋಮ್ ಇರುವ ಗಾಡಿಯನ್ನೇ ಕೊಳ್ಳಬಾರದು ಎಂದು ನಾನು ಹೇಳುತ್ತಿಲ್ಲ, ಹೇಳಿದರೂ ಯಾರೂ ಕೇಳುವುದಿಲ್ಲ. ಇರುವ ಕ್ರೋಮನ್ನು ತಿಂಗಳಿಗೊಮ್ಮೆ ಒರೆಸಿ, ಮೇಣ ಹಚ್ಚಿ, ಹತ್ತು ವರ್ಷ ಹೆಚ್ಚು ಉಳಿಸಿಕೊಂಡರೆ ಆ ತೊಟ್ಟಿಗೆ ಒಂದು ಸೈಲೆನ್ಸರ್ ಕಡಿಮೆ. ಆ ಮಟ್ಟಿಗೆ ಭಾನುವಾರದ ಕೆಲಸ ಶೀಲಕ್ಕೆ ಹತ್ತಿರದ್ದು.

ಇನ್ನು ತೃಷ್ಣೆಯ ಮಾತು. ಮಲವಗ್ಗದ ತುಕ್ಕಿನ ಗಾಥೆಗೆ ಅಟ್ಠಕಥೆಯಲ್ಲಿ ತಿಸ್ಸ ಎಂಬ ಭಿಕ್ಕುವಿನ ಕತೆ ಕೊಟ್ಟಿದ್ದಾರೆ. ಅಕ್ಕ ಕೊಟ್ಟ ನಯವಾದ ಬಟ್ಟೆಯಿಂದ ಚೀವರ ಹೊಲಿಸಿಕೊಂಡು, ನಾಳೆ ಹೊದೆಯುತ್ತೇನೆ ಎಂದುಕೊಂಡು ಮಲಗಿದವನು ರಾತ್ರಿಯೇ ಸತ್ತ. ಆ ಚೀವರದಲ್ಲೇ ಹೇನಾಗಿ ಹುಟ್ಟಿದ. ಉಳಿದ ಭಿಕ್ಕುಗಳು ಅದನ್ನು ಹಂಚಿಕೊಳ್ಳಲು ಬಂದಾಗ, ನನ್ನದನ್ನು ದೋಚುತ್ತಿದ್ದಾರೆ ಎಂದು ಹೇನು ಅತ್ತ ಇತ್ತ ಓಡಾಡಿ ಕಿರುಚಿತಂತೆ. ಸತ್ತು ಹೇನಾಗುವ ಭಾಗವನ್ನು ನಾವು ಅಂಬೇಡ್ಕರರ ಧಮ್ಮದವರು ಅಕ್ಷರಶಃ ನಂಬಬೇಕಿಲ್ಲ. ಬದುಕಿರುವಾಗಲೇ ಹೇನಾಗುವುದನ್ನು ಮಾತ್ರ ನಾನು ನೋಡಿದ್ದೇನೆ. ಪಕ್ಕದ ಮನೆಯ ನಾಲ್ಕು ವರ್ಷದ ಮಗು ಟ್ಯಾಂಕಿನ ಮೇಲೆ ಕಲ್ಲಿನಿಂದ ಗೀಚಿತೆಂದು ಅದರ ಕೆನ್ನೆಗೆ ಹೊಡೆದವರಿದ್ದಾರೆ. ಮೋಹ ಉಜ್ಜುವ ಹೊತ್ತಿನಲ್ಲಿ ಕಾಣುವುದಿಲ್ಲ, ಗೀರು ಬಿದ್ದ ಹೊತ್ತಿನಲ್ಲಿ ಕಾಣುತ್ತದೆ.

ಹಾಗೆಯೇ ಸಾಲ. ಅನಾಥಪಿಂಡಿಕನಿಗೆ ಬುದ್ಧರು ಗೃಹಸ್ಥನ ನಾಲ್ಕು ಸುಖ ಹೇಳುತ್ತಾರೆ: ನ್ಯಾಯವಾಗಿ ಗಳಿಸಿದ್ದು ಇದೆ ಎಂಬ ಸುಖ, ಅದನ್ನು ಅನುಭವಿಸುವ ಸುಖ, ಸಾಲವಿಲ್ಲದ ಸುಖ, ತಪ್ಪಿಲ್ಲದ ನಡತೆಯ ಸುಖ. ಇರುವುದನ್ನು ಅನುಭವಿಸುವುದು ಪಾಪ ಎಂದು ಅವರು ಹೇಳಲಿಲ್ಲ, ಬಡತನವನ್ನು ಹೊಗಳಲೂ ಇಲ್ಲ. ಆದರೆ ಇಎಂಐ ಕಟ್ಟಲಾಗದೆ ಅಮ್ಮನ ಕಿವಿಯೋಲೆ ಅಡವಿಟ್ಟ ಬೈಕು ಎಷ್ಟು ಹೊಳೆದರೂ ಮೂರನೆಯ ಸುಖ ಅದರಲ್ಲಿಲ್ಲ. ಹುಡುಗನ ಬೈಕು ಸೆಕೆಂಡ್ ಹ್ಯಾಂಡ್, ಕೈಯಲ್ಲಿದ್ದ ದುಡ್ಡಿಗೆ ಕೊಂಡದ್ದು ಎಂದು ಕೇಳಿ ಸಂತೋಷವಾಯಿತು.

ಕಡೆಯದಾಗಿ ಅವನನ್ನು ನಾನೇ ಒಂದು ಪ್ರಶ್ನೆ ಕೇಳಿದೆ. ಆ ಕಪ್ಪು ಬಟ್ಟೆಗಳನ್ನು ಆಮೇಲೆ ಏನು ಮಾಡುತ್ತೀಯ ಎಂದು. ಬಚ್ಚಲಲ್ಲಿ ಬಿಡುತ್ತೇನೆ, ಅಮ್ಮ ಒಗೆಯುತ್ತಾರೆ ಎಂದ. ನಮ್ಮ ಅವ್ವಂದಿರು ಗೌಡರ ಮನೆಯ ಹಿತ್ತಾಳೆ ಹಂಡೆಗಳಿಗೆ ಹುಣಸೆಹಣ್ಣು ಹಾಕಿ ತಿಕ್ಕಿ ತಿಕ್ಕಿ ಕೈ ಸವೆಸಿಕೊಂಡವರು. ಆ ಹೊಳಪು ಒಂದು ದಿನವೂ ಅವರದಾಗಿರಲಿಲ್ಲ. ಮುಂದಿನ ಭಾನುವಾರ ಬೈಕಿನ ಜೊತೆ ಆ ಬಟ್ಟೆಗಳನ್ನೂ, ಅಂದು ಉಂಡ ತಟ್ಟೆಯನ್ನೂ ನೀನೇ ತೊಳೆದು, ಆಮೇಲೆ ನಿನ್ನ ಅಣ್ಣನ ಪಕ್ಕದಲ್ಲಿ ಅರ್ಧ ಗಂಟೆ ಕೂರು ಎಂದು ಬರೆದು ಕಳಿಸಿದ್ದೇನೆ. ಎರಡು ನೀಲಿ ಗೆರೆ ಬಂದಿವೆ, ಉತ್ತರ ಇನ್ನೂ ಬಂದಿಲ್ಲ.

ನಮೋ ಬುದ್ಧಾಯ. ಜೈ ಭೀಮ್.